ಜೀವ ಉಳಿಯಿತು, ಆದರೆ ಮಗು ನನ್ನದೆನಿಸುತ್ತಿಲ್ಲ: ಇದು ಸರಿಹೋಗುತ್ತದೆಯೇ?

ಪ್ರಶ್ನೆ:
ಹೆರಿಗೆಯಾದ ಕೂಡಲೇ ಶುರುವಾದ ರಕ್ತಸ್ರಾವ ಯಾವ ಔಷಧಕ್ಕೂ ನಿಲ್ಲದಿದ್ದಾಗ, ಗರ್ಭಕೋಶವನ್ನೇ ತೆಗೆದು ವೈದ್ಯರು ನನ್ನ ಜೀವ ಉಳಿಸಿದರು. ಎಚ್ಚರವಾದಾಗ ತೀವ್ರ ನಿಗಾ ಘಟಕದಲ್ಲಿದ್ದೆ. ಮಗುವಿನ ಮುಖವನ್ನು ಮೊದಲು ಕಂಡದ್ದು ಗಂಡನ ಮೊಬೈಲಿನಲ್ಲಿ. ಎದೆಹಾಲು ಬರಲೇ ಇಲ್ಲ. ಈಗ ಮಗುವಿಗೆ ಮೂರು ತಿಂಗಳು. ಹೊತ್ತು ಹೊತ್ತಿಗೆ ಬಾಟಲಿ ಹಾಲು ಕುಡಿಸುತ್ತೇನೆ, ಸ್ನಾನ ಮಾಡಿಸುತ್ತೇನೆ, ಆದರೂ ಯಾರದೋ ಮಗುವನ್ನು ಜೋಪಾನ ಮಾಡುತ್ತಿರುವಂತೆ ಅನ್ನಿಸುತ್ತದೆ. ಅದು ಅತ್ತರೆ ಎದೆ ಡವಗುಟ್ಟಿ, ಆಪರೇಷನ್ ಥಿಯೇಟರಿನ ದೀಪವೇ ಕಣ್ಣ ಮುಂದೆ ಬರುತ್ತದೆ. ‘ಇಬ್ಬರೂ ಉಳಿದಿರಲ್ಲ’ ಎನ್ನುವವರ ಮುಂದೆ ಇದನ್ನು ಹೇಗೆ ಹೇಳಲಿ?

ಉತ್ತರ 1:
ನನಗೆ ಹೆರಿಗೆಯ ವೇಳೆ ರಕ್ತದೊತ್ತಡ ಏರಿ ಫಿಟ್ಸ್ ಬಂದಿತ್ತು; ಮಗು ಹುಟ್ಟಿದ್ದೇ ನನಗೆ ಗೊತ್ತಾಗಲಿಲ್ಲ. ನನ್ನಲ್ಲಿ ಮಮತೆಗಿಂತ ಮೊದಲು ಹುಟ್ಟಿದ್ದು ಕುತೂಹಲ. ಹಾಲು ಕುಡಿಯುವಾಗ ಅವಳು ಎಡಗಾಲಿನ ಬೆರಳುಗಳನ್ನು ಮಾತ್ರ ಮಡಚಿಕೊಳ್ಳುತ್ತಾಳೆಂಬುದನ್ನು ಮನೆಯಲ್ಲಿ ಗಮನಿಸಿದವಳು ನಾನೊಬ್ಬಳೇ. ಮೊದಲ ಗಂಟೆಯಲ್ಲಿ ಮಗುವನ್ನು ಎದೆಗಪ್ಪಿಕೊಳ್ಳಲಾಗಲಿಲ್ಲವೆಂದು ಎಲ್ಲವೂ ಕೈತಪ್ಪಿತೆಂದುಕೊಳ್ಳಬೇಡಿ. ಬಟ್ಟೆ ಬಿಚ್ಚಿದ ಮಗುವನ್ನು ಬರಿಮೈಗೆ ಒರಗಿಸಿಕೊಂಡು ಕೂರುವುದು ಈಗಲೂ ಸಾಧ್ಯ. ಪ್ರಜ್ಞೆಯಿಲ್ಲದ ಆ ಗಂಟೆಗಳಲ್ಲಿ ಏನೇನಾಯಿತೆಂಬುದನ್ನು, ಕೇಸ್ ಶೀಟ್ ಮುಂದಿಟ್ಟುಕೊಂಡು ವೈದ್ಯರಿಂದ ಕೇಳಿ ತಿಳಿದ ಮೇಲೆಯೇ ನನ್ನ ಕೆಟ್ಟ ಕನಸುಗಳು ಹತೋಟಿಗೆ ಬಂದವು. (ಎಲ್ಲರಿಗೂ ಇದು ಒಗ್ಗಲಿಕ್ಕಿಲ್ಲ.)

ಉತ್ತರ 2:
ನಾನು ಪ್ರಸೂತಿ ತಜ್ಞೆ. ಕಾಲ ಕಳೆದಂತೆ ಸರಿಹೋಗುತ್ತದೆ ಎಂದಷ್ಟೇ ಹೇಳಲು ನನಗೆ ಮನಸ್ಸಿಲ್ಲ. ವಿಪರೀತ ರಕ್ತಸ್ರಾವವಾದಾಗ ಮೆದುಳಿನ ಬುಡದಲ್ಲಿದ್ದು ಹಾರ್ಮೋನ್‌ಗಳನ್ನು ನಿಯಂತ್ರಿಸುವ ಪಿಟ್ಯುಟರಿ ಗ್ರಂಥಿಗೆ ರಕ್ತ ಸಾಲದೆ ಹಾನಿಯಾಗುವುದುಂಟು. ಇದನ್ನು ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. ಎದೆಹಾಲು ಬಾರದಿರುವುದು, ಸದಾ ಸುಸ್ತು, ಚಳಿ ತಾಳಲಾಗದಿರುವುದು ಇದರ ಲಕ್ಷಣಗಳು. ಮುಟ್ಟು ಮರಳದಿರುವುದೂ ಒಂದು ಸುಳಿವೇ, ಆದರೆ ಗರ್ಭಕೋಶ ತೆಗೆದಿರುವುದರಿಂದ ನಿಮ್ಮಲ್ಲಿ ಅದು ಕಾಣಸಿಗದು. ಆದ್ದರಿಂದ ಹಿಮೋಗ್ಲೋಬಿನ್ ಜೊತೆಗೆ ಹಾರ್ಮೋನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಥಿಯೇಟರಿನ ದೃಶ್ಯಗಳು ತಿಂಗಳು ಮೀರಿಯೂ ಮರುಕಳಿಸುತ್ತಿರುವುದು ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಇರಬಹುದು; ಬಾಣಂತಿಯರ ಖಿನ್ನತೆಗೆಂದು 1987ರಲ್ಲಿ ಪ್ರಕಟವಾದ 10 ಪ್ರಶ್ನೆಗಳ ಎಡಿನ್‌ಬರೋ ಮಾಪಕದಲ್ಲಿ ಅದು ಸಿಕ್ಕಿಬೀಳದೆ ಹೋಗಬಹುದು. ಹಾಗಾಗಿ ‘ಹೆರಿಗೆಯ ದೃಶ್ಯಗಳು ಮತ್ತೆ ಮತ್ತೆ ಬರುತ್ತಿವೆ’ ಎಂದೇ ಮನೋವೈದ್ಯರಿಗೆ ಹೇಳಿ. ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ನಿಮಗೋ ಮಗುವಿಗೋ ಅಪಾಯ ಮಾಡಿಕೊಳ್ಳುವ ಯೋಚನೆ ಸುಳಿದರೆ ಮಾತ್ರ ಅಂದೇ ಆಸ್ಪತ್ರೆಗೆ ಹೋಗಿ.

ಉತ್ತರ 3:
ಇದು ನಿಮ್ಮ ಮನೆಯವರಿಗೆ, ಅಂಥದೇ ಹೆರಿಗೆಯ ವೇಳೆ ಬಾಗಿಲಾಚೆ ಸಹಿ ಹಾಕುತ್ತ ನಿಂತಿದ್ದ ಒಬ್ಬ ಗಂಡನ ಮಾತು. ವಿಶ್ರಾಂತಿ ಸಿಗಲೆಂದು ನಾವು ಮಗುವನ್ನೇ ಎತ್ತಿಕೊಂಡು ಹೋಗುತ್ತೇವೆ. ಅದರ ಬದಲು ಅಡುಗೆ, ಬಟ್ಟೆ, ಬಂದವರ ಉಪಚಾರ ನಮ್ಮ ಪಾಲಿಗಿರಲಿ, ಮಗು ತಾಯಿಯ ಮಡಿಲಲ್ಲಿರಲಿ, ಅತ್ತಾಗ ಅವರು ಒಂಟಿಯಾಗದಂತೆ ಪಕ್ಕದಲ್ಲೊಬ್ಬರು ಕೂತಿರಲಿ.