ಒಂದು ಮೀಟರ್ ಕುದುರೆ, ಎ4 ಹಾಳೆ: ನಾಲ್ಕು ಸೆಂಟಿಮೀಟರ್ ಎಲ್ಲಿ ಹೋಯ್ತು?

ಪ್ರಶ್ನೆ: ನಮಸ್ಕಾರ ಸರ್. ಮಗಳಿಗೆ ಪ್ಲೈವುಡ್‌ನಲ್ಲಿ ತೂಗುವ ಕುದುರೆ ಮಾಡಲು ಹೊರಟಿದ್ದೇನೆ. ಪ್ಯಾಟರ್ನ್ ನಾನೇ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಮಾಡಿದೆ. 100 ಸೆಂ.ಮೀ. ಉದ್ದ, 70 ಸೆಂ.ಮೀ. ಎತ್ತರ. ಅದರ ಮೇಲೆ ಎ4 ಪುಟಗಳನ್ನು ಅಡ್ಡಡ್ಡ ಇಟ್ಟು, ಒಂದಕ್ಕೊಂದು ತಾಗಿಸಿ, ನಾಲ್ಕು ಸಾಲಿನಲ್ಲಿ 16 ಪುಟ ಮಾಡಿ ಪಿಡಿಎಫ್ ತೆಗೆದೆ. ಮೊದಲ ಸಲ ಪ್ರಿಂಟ್ ಹಾಕಿದಾಗ ಪ್ರತಿ ಹಾಳೆಯ ಅಂಚಿನಲ್ಲೂ ಗೆರೆ ಮಾಯ. ಗೆಳೆಯರೊಬ್ಬರು 'ಪ್ರಿಂಟ್ ಕಿಟಕಿಯಲ್ಲಿ ಫಿಟ್ ಒತ್ತು, ಸರಿಹೋಗುತ್ತೆ' ಅಂದರು. ಒತ್ತಿದೆ. ಗೆರೆ ಎಲ್ಲ ಬಂತು, ಬಿಳಿ ಅಂಚು ಕತ್ತರಿಸಿ ಅಂಟಿಸಿದೆ, ಚೆನ್ನಾಗಿಯೇ ಕೂಡಿತು. ಪ್ಲೈ ಕೊಯ್ದ ಮೇಲೆ ನೋಡಿದರೆ 18 ಮಿ.ಮೀ. ಹಲಗೆ ಕಚ್ಚಿನೊಳಗೆ ಹೋಗುತ್ತಲೇ ಇಲ್ಲ. ಕುದುರೆ ಅಳೆದರೆ 96 ಸೆಂ.ಮೀ.! ತಪ್ಪು ಎಲ್ಲಿ?

ಉತ್ತರ: ತಪ್ಪು ನಿಮ್ಮ ಚಿತ್ರದಲ್ಲಿಲ್ಲ. ಗೆಳೆಯರು ಒತ್ತಿಸಿದ ಆ 'ಫಿಟ್'‌ನಲ್ಲಿದೆ.

ಮನೆಯ ಪ್ರಿಂಟರ್ ಹಾಳೆಯ ತುದಿವರೆಗೆ ಶಾಯಿ ಹಾಕುವುದಿಲ್ಲ. ಸುತ್ತ ಮೂರರಿಂದ ಆರು ಮಿ.ಮೀ. ಬಿಟ್ಟೇ ಬಿಡುತ್ತದೆ. ಮೊದಲ ಸಲ ನಿಮ್ಮ ಗೆರೆ ನುಂಗಿದ್ದು ಈ ಅಂಚು. 'ಫಿಟ್' ಅಂದಾಗ ಪ್ರಿಂಟರ್ ಇಡೀ ಪುಟವನ್ನು ಕುಗ್ಗಿಸಿ ಅಂಚಿನೊಳಗೆ ತುರುಕಿತು. ಎ4 ಹಾಳೆಯ ಚಿಕ್ಕ ಬದಿ 210 ಮಿ.ಮೀ. ಇದೆ. ಎರಡೂ ಕಡೆ ನಾಲ್ಕು ಮಿ.ಮೀ. ಚಿಲ್ಲರೆ ಹೋದರೆ ಉಳಿಯುವುದು ಸುಮಾರು ನೂರಕ್ಕೆ 96 ಪಾಲು. ನಿಮ್ಮ ಕುದುರೆಯೂ 96, ನೋಡಿ. 18ರ ಕಚ್ಚು 17.3 ಆಗಿದೆ. ಎಲ್ಲ ಹಾಳೆಯೂ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಅಂಟಿಸುವಾಗ ಏನೂ ಗೊತ್ತಾಗುವುದಿಲ್ಲ. ಅದೇ ಇದರ ಮೋಸ. ಕೂಡದೇ ಇದ್ದಿದ್ದರೆ ಪ್ಲೈ ಆದರೂ ಉಳಿಯುತ್ತಿತ್ತು.

ಪುಟಗಳನ್ನು ಬರೀ ತಾಗಿಸಿದರೆ ಸಾಲದು, ಒಂದರ ಮೇಲೊಂದು ಸ್ವಲ್ಪ ಹತ್ತಬೇಕು. ಇಂಕ್‌ಸ್ಕೇಪ್ 1.2ರಿಂದ, ಅಂದರೆ 2022ರಿಂದ, ಒಂದೇ ಫೈಲಿನಲ್ಲಿ ಹಲವು ಪುಟ ಇಡಬಹುದು. ಆ ಪುಟಗಳನ್ನೇ ಕೈಯಲ್ಲಿ ಸರಿಸಿ ಹತ್ತಿಸಲೂಬಹುದು. ಆದರೆ 16 ಪುಟ ಸರಿಸುವಷ್ಟು ತಾಳ್ಮೆ ನನಗಂತೂ ಇಲ್ಲ. ಪುಟ ಸರಿಸುವಾಗ ಚಿತ್ರವೂ ಜೊತೆಗೆ ಜರುಗುವ ಆಯ್ಕೆಯೊಂದಿದೆ, ಅದನ್ನು ಆಫ್ ಮಾಡಲು ಮರೆತರೆ ಕುದುರೆಯ ಕಾಲು ಎಲ್ಲೋ ಹೋಗಿರುತ್ತದೆ.

ನಾನು ಮಾಡುವುದು ಹೀಗೆ. ಚಿತ್ರವನ್ನು ನಕಲು ಮಾಡಿ ಹೊಸ ಫೈಲಿಗೆ ಹಾಕಿ. ಎಲ್ಲವನ್ನೂ ಆಯ್ಕೆ ಮಾಡಿ ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ. ಪುಟ ಚಿತ್ರದಷ್ಟೇ ದೊಡ್ಡದಾಗುತ್ತದೆ. ಅದನ್ನು ಒಂದೇ ಪುಟದ ಪಿಡಿಎಫ್ ಮಾಡಿ ಉಳಿಸಿ. ಹಾಳೆಗೆ ತುಂಡು ಮಾಡುವ ಕೆಲಸವನ್ನು ಅಕ್ರೋಬ್ಯಾಟ್ ರೀಡರ್‌ಗೆ ಬಿಡಿ. ಪ್ರಿಂಟ್ ಕಿಟಕಿಯಲ್ಲಿ 'ಪೋಸ್ಟರ್' ಅಂತ ಇದೆ. ಟೈಲ್ ಸ್ಕೇಲ್ 100, ಓವರ್‌ಲ್ಯಾಪ್ 1 ಸೆಂ.ಮೀ. ಕೊಡಿ. ಇಂಚು ಕೇಳಿದರೆ 0.4. ಕಟ್ ಮಾರ್ಕ್ಸ್, ಲೇಬಲ್ಸ್ ಎರಡಕ್ಕೂ ಟಿಕ್ ಹಾಕಿ. ಲೇಬಲ್ ಇದ್ದರೆ ಯಾವ ಹಾಳೆ ಯಾವ ಸಾಲಿನದು ಅಂತ ಅದರ ಮೇಲೇ ಬಂದಿರುತ್ತದೆ. ಇಲ್ಲದಿದ್ದರೆ ನೆಲದ ಮೇಲೆ ಕೂತು ಒಗಟು ಬಿಡಿಸಬೇಕಾಗುತ್ತದೆ.

ಹಾಳೆ ಜಾಸ್ತಿ ಬೇಕಾಗುತ್ತದಾ? ಸುತ್ತ 1 ಸೆಂ.ಮೀ. ಅಂಚು ಬಿಟ್ಟರೆ ಅಡ್ಡ ಎ4ರಲ್ಲಿ ಸಿಗುವುದು 277 × 190 ಮಿ.ಮೀ. ಅದರಲ್ಲಿ 10 ಮಿ.ಮೀ. ಪಕ್ಕದ ಹಾಳೆಯ ಮೇಲೆ ಹತ್ತುತ್ತದೆ. ಹಾಗಾಗಿ ಪ್ರತಿ ಹಾಳೆಯಿಂದ 267 × 180 ಮುಂದೆ ಹೋಗುತ್ತೇವೆ. ನಿಮ್ಮ ಅಳತೆಗೆ ಉದ್ದಕ್ಕೆ ನಾಲ್ಕು, ಎತ್ತರಕ್ಕೆ ನಾಲ್ಕು. ಅದೇ 16! ಹಾಳೆಯನ್ನು ನೆಟ್ಟಗೆ ಇಟ್ಟರೆ 18 ಆಗುತ್ತದೆ. ಹಾಗಾಗಿ ಅಡ್ಡವೇ ಇರಲಿ.

16 ಹಾಳೆ ಹೊಡೆಯುವ ಮುಂಚೆ ಒಂದೇ ಒಂದು ಹಾಳೆ ತೆಗೆಯಿರಿ. ಪ್ಯಾಟರ್ನಿನ ಖಾಲಿ ಮೂಲೆಯಲ್ಲಿ 10 ಸೆಂ.ಮೀ. ಚೌಕ ಬಿಡಿಸಿಟ್ಟು, ಅದು ಬರುವ ಹಾಳೆಯನ್ನು ಮಾತ್ರ ಪ್ರಿಂಟ್ ಮಾಡಿ ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ. ಅಗಲವನ್ನೂ ಎತ್ತರವನ್ನೂ ಅಳೆಯಬೇಕು. ಇಲ್ಲೊಂದು ಕಿರಿಕಿರಿ ಇದೆ. ಇಂಕ್‌ಸ್ಕೇಪ್ ಸಾಮಾನ್ಯವಾಗಿ ಗೆರೆಯ ದಪ್ಪವನ್ನೂ ಸೇರಿಸಿಯೇ ಅಳತೆ ತೋರಿಸುತ್ತದೆ. 1 ಮಿ.ಮೀ. ಗೆರೆಯ ಚೌಕಕ್ಕೆ 10 ಸೆಂ.ಮೀ. ಅಂತ ಕೊಟ್ಟರೆ ಗೆರೆಯ ನಡುವಿನಿಂದ ನಡುವಿಗೆ 9.9 ಇರುತ್ತದೆ. ಪ್ರಿಫರೆನ್ಸಸ್ ಒಳಗೆ ಟೂಲ್ಸ್‌ನಲ್ಲಿ 'ಜಾಮೆಟ್ರಿಕ್ ಬೌಂಡಿಂಗ್ ಬಾಕ್ಸ್' ಆರಿಸಿಕೊಂಡರೆ ಈ ತಲೆನೋವಿಲ್ಲ.

ಇನ್ನೊಬ್ಬರ ಪ್ರಶ್ನೆ: ಸರ್, ನಾನು 'ಫಿಟ್' ಮುಟ್ಟೇ ಇಲ್ಲ, 100ರಲ್ಲೇ ಹಾಕಿದ್ದು. ಆದರೂ ಚೀಲದ ಪ್ಯಾಟರ್ನ್ ಚಿಕ್ಕದಾಗಿ ಬಂತು. 40 ಸೆಂ.ಮೀ. ಇರಬೇಕಾದ್ದು 37.5 ಇದೆ. ಬಹಳ ವರ್ಷದ ಹಿಂದೆ ಇಳಿಸಿಕೊಂಡಿದ್ದ, ಇಂಕ್‌ಸ್ಕೇಪ್‌ನಲ್ಲಿ ತೆರೆಯುವ ಎಸ್‌ವಿಜಿ ಫೈಲ್.

ಉತ್ತರ: 37.5 ಅಂತ ಹೇಳಿದಿರಲ್ಲ, ಅದರಲ್ಲೇ ಉತ್ತರ ಸಿಕ್ಕಿತು. ಇಂಕ್‌ಸ್ಕೇಪ್ ಹಿಂದೆ ಒಂದು ಇಂಚಿಗೆ 90 ಪಿಕ್ಸೆಲ್ ಅಂತ ಲೆಕ್ಕ ಹಿಡಿಯುತ್ತಿತ್ತು. 2017ರ 0.92ನೇ ಆವೃತ್ತಿಯಿಂದ ಅದು 96 ಆಯಿತು. 40ನ್ನು 90ರಿಂದ ಗುಣಿಸಿ 96ರಿಂದ ಭಾಗಿಸಿ, ಸರಿಯಾಗಿ 37.5. ಹಳೆಯ ಫೈಲ್ ತೆರೆಯುವಾಗ ಅಳತೆ ಹೊಂದಿಸಬೇಕಾ ಅಂತ ಒಂದು ಕಿಟಕಿ ಬಂದು ಕೇಳುತ್ತದೆ. ಅದನ್ನು ಓದದೆ ಮುಚ್ಚಿದ್ದೀರಿ ಅನಿಸುತ್ತದೆ. ನಾವೆಲ್ಲ ಮುಚ್ಚುವವರೇ ಬಿಡಿ. ಈಗ ಎಲ್ಲವನ್ನೂ ಆಯ್ಕೆ ಮಾಡಿ ಶೇಕಡಾ 106.667ಕ್ಕೆ ಹಿಗ್ಗಿಸಿ, ಆಮೇಲೆ ಒಂದು ಅಳತೆ ಪರೀಕ್ಷಿಸಿ.

ಮತ್ತೊಬ್ಬರು: ನನ್ನದು ಕೈಯಲ್ಲಿ ಬಿಡಿಸಿ ಸ್ಕ್ಯಾನ್ ಮಾಡಿದ ಚಿತ್ರ. ಒಂದು ಮೀಟರಿಗೆ ಹಿಗ್ಗಿಸಬಹುದಾ?

ಉತ್ತರ: ಬಹುದು. ಗೆರೆ ಒರಟಾದರೂ ಪರವಾಗಿಲ್ಲ ಅನ್ನುವುದಾದರೆ ಪೋಸ್ಟ್‌ರೇಝರ್ ಅನ್ನುವ ಪುಟ್ಟ ಉಚಿತ ತಂತ್ರಾಂಶ ಸಾಕು. ಚಿತ್ರ ಕೊಟ್ಟರೆ ಹಾಳೆಗಳಾಗಿ ತುಂಡು ಮಾಡಿ ಪಿಡಿಎಫ್ ಕೊಡುತ್ತದೆ. ಗೆರೆ ನಯವಾಗಿ ಬೇಕಾದರೆ ಇಂಕ್‌ಸ್ಕೇಪ್‌ನ 'ಟ್ರೇಸ್ ಬಿಟ್‌ಮ್ಯಾಪ್' ಬಳಸಿ. ಆದರೆ ಪೆನ್ನಿನ ಒಂದು ಗೆರೆಗೆ ಅದು ಸಾಮಾನ್ಯವಾಗಿ ಎರಡು ಅಂಚು ಮಾಡಿ ಕೊಡುತ್ತದೆ. ಹಿಗ್ಗಿಸಿದಾಗ ಗೆರೆಯೇ ಒಂದು ಪಟ್ಟಿಯಾಗುತ್ತದೆ, ಎಲ್ಲಿ ಕತ್ತರಿಸಬೇಕು ಅಂತ ತಿಳಿಯುವುದಿಲ್ಲ. ಸ್ಕ್ಯಾನನ್ನು ಕೆಳಗಿನ ಲೇಯರಿನಲ್ಲಿ ಇಟ್ಟು ಮೇಲೆ ಪೆನ್ ಟೂಲಿನಲ್ಲಿ ನೀವೇ ಎಳೆಯುವುದು ವಾಸಿ. ಒಂದು ಸಂಜೆಯ ಕೆಲಸ. ಲಿಬ್ರೆಆಫಿಸ್ ಡ್ರಾ ಗೊತ್ತಿದ್ದರೆ ಅದರ ಪ್ರಿಂಟ್ ಕಿಟಕಿಯಲ್ಲೂ ದೊಡ್ಡ ಪುಟವನ್ನು ಹಲವು ಹಾಳೆಗೆ ಹಂಚುವ ಆಯ್ಕೆ ಇದೆ.

ಮೊದಲು ಕೇಳಿದವರು: ಸರ್, ಪೋಸ್ಟರ್ ದಾರಿಯಲ್ಲಿ 16 ಹಾಳೆ ಬಂತು. ಚೌಕ ಎತ್ತರದಲ್ಲಿ ಸರಿಯಾಗಿ 10, ಉದ್ದದಲ್ಲಿ 9.95 ಇದೆ. ಅಂಟಿಸುವ ಮೊದಲು ಕೇಳೋಣ ಅಂತ ಬಂದೆ. ಹೋದ ಸಲ ಕೊನೆಯ ಸಾಲು ಸ್ವಲ್ಪ ಓರೆಯಾಗಿತ್ತು.

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಉದ್ದದಲ್ಲಿ ಅರ್ಧ ಮಿ.ಮೀ. ಕಡಿಮೆ ಬಂದಿರುವುದು ಪ್ರಿಂಟರ್ ಹಾಳೆ ಎಳೆದುಕೊಳ್ಳುವ ರೀತಿಯಿಂದ. ಇಡೀ ಕುದುರೆಗೆ 5 ಮಿ.ಮೀ. ಆಗುತ್ತದೆ. ನಿಮ್ಮ ಮಗಳಿಗೆ ಗೊತ್ತಾಗುವುದಿಲ್ಲ. ಬಟ್ಟೆಗೂ ನಾನು ಇದನ್ನು ಬಿಟ್ಟುಬಿಡುತ್ತೇನೆ. ಆದರೆ ಎರಡೂ ಪಕ್ಕದ ಭಾಗಗಳನ್ನು ಇದೇ ಪ್ಯಾಟರ್ನಿನಿಂದ, ಇದೇ ದಿಕ್ಕಿಗೆ ತೆಗೆಯಿರಿ.

ಓರೆಯಾಗಲು ಕಾರಣ ಸಾಮಾನ್ಯವಾಗಿ ಒಂದೇ: ಹಾಳೆಗಳನ್ನು ಒಂದರ ಹಿಂದೆ ಒಂದು ಸಿಕ್ಕಿದಂತೆ ಅಂಟಿಸಿಕೊಂಡು ಹೋಗುವುದು. ಪ್ರತಿ ಜೋಡಣೆಯಲ್ಲಿ ಅರ್ಧ ಮಿ.ಮೀ. ತಪ್ಪಿದರೂ ಕೊನೆಗೆ ಅದೆಲ್ಲ ಸೇರಿಕೊಳ್ಳುತ್ತದೆ. ಪ್ರತಿ ಹಾಳೆಯ ಬಲ ಮತ್ತು ಕೆಳ ಅಂಚನ್ನು ಮಾತ್ರ ಕತ್ತರಿಸಿ. ಎಡ ಮತ್ತು ಮೇಲಿನ ಬಿಳಿ ಅಂಚು ಹಾಗೇ ಇರಲಿ, ಪಕ್ಕದ ಹಾಳೆ ಅದರ ಮೇಲೆ ಕೂರಬೇಕು. ನಾಲ್ಕು ಹಾಳೆಯ ಸಾಲುಗಳನ್ನು ಮೊದಲು ಬೇರೆ ಬೇರೆ ಮಾಡಿ, ಉದ್ದದ ಸ್ಕೇಲಿಗೆ ಒರಗಿಸಿ ನೇರ ಇದೆಯಾ ನೋಡಿ. ಆಮೇಲೆ ಸಾಲಿಗೆ ಸಾಲು ಸೇರಿಸಿ. ಗೋಂದು ಬೇಡ, ಕಾಗದ ಉಬ್ಬುತ್ತದೆ. ಟೇಪ್ ಸಾಕು.

ಮುಂದಿನ ಸಲಕ್ಕೆ ಇನ್ನೊಂದು: ಚಿತ್ರದ ಹಿಂದೆ 5 ಸೆಂ.ಮೀ. ಅಂತರದಲ್ಲಿ ತೆಳು ಬೂದು ಗೆರೆಗಳ ಜಾಲರಿ ಹಾಕಿಬಿಡಿ. ಕುದುರೆಯ ಹೊಟ್ಟೆಯಂಥ ಖಾಲಿ ಜಾಗದಲ್ಲಿ ಹಾಳೆ ಕೂಡಿಸಲು ಬೇರೆ ಗುರುತೇ ಇರುವುದಿಲ್ಲ, ಅಲ್ವಾ? ಜಾಲರಿ ಇದ್ದರೆ ಎಲ್ಲಿ ಬೇಕಾದರೂ ತಾಳೆ ನೋಡಬಹುದು. ಒಂದು ಮೂಲೆಯಿಂದ ಒಂದು ಕಡೆ 30, ಇನ್ನೊಂದು ಕಡೆ 40 ಸೆಂ.ಮೀ. ಗುರುತು ಹಾಕಿ. ಓರೆಯಾಗಿ ಅಳೆದಾಗ 50 ಬಂದರೆ ಮೂಲೆ ನೇರವಾಗಿದೆ ಅಂತ ಅರ್ಥ.

ಮತ್ತೆ ಆ ಕಚ್ಚು. ಅದರ ಅಗಲವನ್ನು ಕಾಗದದಿಂದ ತೆಗೆದುಕೊಳ್ಳಲೇಬೇಡಿ. 18 ಅಂತ ಕೊಟ್ಟ ಪ್ಲೈ ಎಷ್ಟೋ ಸಲ ಸರಿಯಾಗಿ 18 ಇರುವುದಿಲ್ಲ. ಕಾಗದದಿಂದ ಕಚ್ಚಿನ ನಡುಗೆರೆ ಮಾತ್ರ ಗುರುತು ಮಾಡಿಕೊಂಡು, ನಿಮ್ಮ ಹಲಗೆಯ ತುಂಡನ್ನೇ ಅದರ ಮೇಲೆ ನಿಲ್ಲಿಸಿ ಎರಡೂ ಕಡೆ ಪೆನ್ಸಿಲ್ ಎಳೆಯಿರಿ. ಗೆರೆಯ ಒಳಗಡೆಯೇ ಕೊಯ್ದು, ಉಳಿದದ್ದನ್ನು ಅರದಿಂದ ಉಜ್ಜಿಕೊಳ್ಳಿ.

ಮೊದಲು ಕೇಳಿದವರು: ಸರಿ ಸರ್. ಹಳೆಯ 96 ಸೆಂ.ಮೀ. ಕುದುರೆಯನ್ನು ಏನು ಮಾಡಲಿ?

ಉತ್ತರ: ಎಸೆಯಬೇಡಿ. ಕಚ್ಚು ಬಿಗಿ ಇದೆ ಅಷ್ಟೇ, ಸಡಿಲ ಇಲ್ಲವಲ್ಲ. ಅರ ಹಾಕಿ ಮುಕ್ಕಾಲು ಮಿ.ಮೀ. ಅಗಲ ಮಾಡಿದರೆ ಹಲಗೆ ಕೂರುತ್ತದೆ. ಅದರ ಎರಡೂ ಪಕ್ಕ ಒಂದೇ ಅಳತೆ ಇದ್ದರೆ ಹೊಸ ಪ್ಲೈ ಕೊಯ್ಯುವ ಅಗತ್ಯವೇ ಬರದಿರಬಹುದು. ಮೊದಲು ಅದನ್ನೇ ಕೂಡಿಸಿ ನೋಡಿ.