2 ಅಡಿಯ ಟ್ಯಾಂಕಿನ ಗಿಡಗಳಿಗೆ ಸಣ್ಣ ಊರಿನಲ್ಲಿ ಸಿಗುವ ದೀಪ ಯಾವುದು?

ಪ್ರಶ್ನೆ (ಶಿರಸಿಯಿಂದ):
2 ಅಡಿ ಉದ್ದ, 1 ಅಡಿ ಅಗಲ, 15 ಅಂಗುಲ ಎತ್ತರದ ಗಾಜಿನ ಟ್ಯಾಂಕಿನಲ್ಲಿ ವ್ಯಾಲಿಸ್ನೇರಿಯಾ ಮತ್ತು ಲುಡ್ವಿಜಿಯಾ ಎಂಬ ನೀರಿನ ಗಿಡಗಳನ್ನು ನೆಟ್ಟು ಎರಡು ತಿಂಗಳಾಯಿತು. ಇಲ್ಲಿ ಬಣ್ಣದ ಮೀನಿನ ಅಂಗಡಿಯಲ್ಲಿ ಸಿಗುವುದು ಗಾಜಿನ ಅಂಚಿಗೆ ಸಿಕ್ಕಿಸುವ ನೀಲಿ-ಬಿಳಿ ದೀಪ ಮಾತ್ರ. ಅದರ ಡಬ್ಬಿಯ ಮೇಲೆ ವ್ಯಾಟ್ ಬಿಟ್ಟರೆ ಬೇರೆ ಅಂಕಿಯೇ ಇಲ್ಲ. ಲುಡ್ವಿಜಿಯಾದ ಬುಡದ ಎಲೆಗಳು ಉದುರಿ ದಂಟು ಬೋಳಾಗಿದೆ, ಗಂಟಿನಿಂದ ಗಂಟಿಗೆ ಎರಡು ಬೆರಳಿನಷ್ಟು ಅಂತರ ಬಂದಿದೆ. ಆನ್‌ಲೈನ್‌ನಲ್ಲಿ ತರಿಸಿದ ದೀಪ ಕೆಟ್ಟರೆ ರಿಪೇರಿಗೆ ಒಯ್ಯಲು ಹತ್ತಿರದಲ್ಲಿ ಯಾರೂ ಇಲ್ಲ. ಊರಿನಲ್ಲೇ ಕೊಳ್ಳಬಹುದಾದ ದೀಪವನ್ನು ದಯವಿಟ್ಟು ತಿಳಿಸಿ.

ಉತ್ತರ 1:
ನೀವು ಹೇಳಿದ ಲಕ್ಷಣ ಬೆಳಕು ಸಾಲದಿರುವುದರದ್ದೇ. ಅಕ್ವೇರಿಯಂ ದೀಪವೆಂಬ ಹೆಸರನ್ನು ಹುಡುಕುವುದನ್ನು ಬಿಟ್ಟು, ಮನೆ ವೈರಿಂಗ್ ಸಾಮಾನು ಮಾರುವ ಅಂಗಡಿಯಲ್ಲಿ 2 ಅಡಿಯ, 10 ವ್ಯಾಟಿನ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟಿನಂಥ ಉದ್ದನೆಯ ದೀಪ) ಕೇಳಿ. ಡಬ್ಬಿಯ ಮೇಲೆ 6500 ಕೆಲ್ವಿನ್ ಅಥವಾ ಕೂಲ್ ಡೇಲೈಟ್ ಎಂದಿರಲಿ. (ಬೆಳಕಿನ ಬಣ್ಣ ತಿಳಿಸುವ ಈ ಕೆಲ್ವಿನ್ ಸಂಖ್ಯೆ ಗಿಡಕ್ಕಿಂತ ನೋಡುವ ನಮ್ಮ ಕಣ್ಣಿಗೇ ಹೆಚ್ಚು ಮುಖ್ಯ.) ಅಂಥ ಒಂದು ಬ್ಯಾಟನ್ ಸುಮಾರು 1000 ಲ್ಯೂಮೆನ್ (ದೀಪ ಕೊಡುವ ಒಟ್ಟು ಬೆಳಕಿನ ಅಳತೆ) ಕೊಡುತ್ತದೆ. ನಿಮ್ಮ ಟ್ಯಾಂಕ್ ಕಂಠಮಟ್ಟ ತುಂಬಿದರೆ 70 ಲೀಟರ್, ಮರಳು ಕಲ್ಲು ಕಳೆದರೆ 60 ಎಂದುಕೊಳ್ಳೋಣ. ಹವ್ಯಾಸಿಗಳ ಒರಟು ಲೆಕ್ಕದಲ್ಲಿ ಲೀಟರಿಗೆ 15ರಿಂದ 20 ಲ್ಯೂಮೆನ್ ಇದ್ದರೆ ಜಾವಾ ಫರ್ನ್, ಅನುಬಿಯಾಸ್, ಕ್ರಿಪ್ಟೋಕೊರೈನ್ ಬೆಳೆಯುತ್ತವೆ. ಲುಡ್ವಿಜಿಯಾಗೆ 30 ಆದರೂ ಬೇಕು. ಆದ್ದರಿಂದ ನಿಮಗೆ ಎರಡು ಬ್ಯಾಟನ್ ಬೇಕು. ಗುಂಡು ಬಲ್ಬಿನಿಂದಲೂ ಗಿಡ ಬೆಳೆಯುತ್ತದೆ, ಆದರೆ ಅದರ ಬೆಳಕು ಅಕ್ಕಪಕ್ಕ ಚೆಲ್ಲಿಹೋಗುವುದರಿಂದ ಒಳಮೈಗೆ ಬಿಳಿ ಬಣ್ಣ ಬಳಿದ ತಗಡಿನ ಮುಚ್ಚಳ ಮಾಡಿಸಬೇಕಾಗುತ್ತದೆ.

ಉತ್ತರ 2:
ಮೇಲಿನ ಲೆಕ್ಕ ಸರಿ, ಆದರೆ ಎರಡನ್ನೂ ಮೊದಲ ದಿನದಿಂದಲೇ ಹೊತ್ತುಗಟ್ಟಲೆ ಉರಿಸಬೇಡಿ. ನಾನು ಹಾಗೆ ದಿನಕ್ಕೆ 11 ಗಂಟೆ ಉರಿಸಿದ್ದರಿಂದ, ಮೂರನೆಯ ವಾರಕ್ಕೆ ಎಲೆಗಳ ಮೇಲೆ ಒದ್ದೆ ಉಣ್ಣೆಯಂಥ ಪಾಚಿ ಕಟ್ಟಿತು. ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ಸುತ್ತಿ ಎಳೆಯುವಾಗ ಅರ್ಧ ಗಿಡಗಳು ಬೇರುಸಹಿತ ಕಿತ್ತುಬಂದವು. ಬೆಳಕು ಹೆಚ್ಚಿದಂತೆ ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಮತ್ತು ಗೊಬ್ಬರವೂ ಹೆಚ್ಚು ಬೇಕಾಗುತ್ತದೆ. ಅವು ಸಾಲದೆ ಗಿಡ ಸೊರಗಿದರೆ ಆ ಬೆಳಕು ಪಾಚಿಯ ಪಾಲು. 6 ಗಂಟೆಯಿಂದ ಆರಂಭಿಸಿ, ಪಾಚಿ ಕಾಣದಿದ್ದರೆ ಕೆಲವು ವಾರಗಳ ನಂತರ 8ಕ್ಕೆ ಏರಿಸಿ. ಹಗಲು ಕರೆಂಟ್ ಹೋಯಿತೆಂದು ರಾತ್ರಿಯೆಲ್ಲ ಉರಿಸಿ ಸರಿದೂಗಿಸುವ ಅಗತ್ಯವಿಲ್ಲ, ಒಂದೆರಡು ದಿನ ಬೆಳಕು ಕಡಿಮೆಯಾದರೆ ಗಿಡ ಸಾಯುವುದಿಲ್ಲ. ಬೋಳು ದಂಟಿನಲ್ಲಿ ಉದುರಿದ ಎಲೆ ಮತ್ತೆ ಬರುವುದಿಲ್ಲವಾದ್ದರಿಂದ, ತುದಿಯನ್ನು ಕತ್ತರಿಸಿ ಮರಳಿಗೆ ಊರಿಬಿಡಿ.

ಉತ್ತರ 3:
ಬ್ಯಾಟನ್ ಸಿಗದಿದ್ದರೆ ಅಂಗಳಕ್ಕೆ ಹಾಕುವ 20 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟನ್ನು ನೀರಿನಿಂದ ಒಂದಡಿ ಮೇಲೆ ತೂಗುಹಾಕಬಹುದು. ಮೇಲಿನಿಂದ ಒಂದೇ ಕಡೆಯಿಂದ ಬೀಳುವ ಆ ಬೆಳಕಿನಲ್ಲಿ ಅಲೆಗಳ ನೆರಳು ಮರಳಿನ ಮೇಲೆ ಆಡುವುದು ನನಗಂತೂ ಬ್ಯಾಟನ್ನಿನ ಸಪ್ಪೆ ಬೆಳಕಿಗಿಂತ ಚೆನ್ನಾಗಿ ಕಾಣುತ್ತದೆ. ಆದರೆ ಅಗ್ಗದ ಫ್ಲಡ್‌ಲೈಟುಗಳಲ್ಲಿ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಮಾರ್ಪಡಿಸುವ ಪ್ರತ್ಯೇಕ ಡ್ರೈವರ್ ಇರದೆ 230 ವೋಲ್ಟ್ ನೇರವಾಗಿ ಎಲ್‌ಇಡಿ ಪ್ಲೇಟಿಗೇ ಹೋಗುತ್ತದೆ, ಹೊರಮೈ ಲೋಹದ್ದು. ಅರ್ಥ್ ವೈರನ್ನು 3 ಪಿನ್ ಪ್ಲಗ್ಗಿಗೆ ಜೋಡಿಸದೆ ಅದನ್ನು ನೀರಿನ ಮೇಲೆ ತೂಗಬೇಡಿ. ಯಾವ ದೀಪವೇ ಆಗಲಿ, ಕೆಳಗೆ ಗಾಜಿನ ಮುಚ್ಚಳವಿರಲಿ; ವೈರ್ ಸಾಕೆಟ್ಟಿಗಿಂತ ಕೆಳಗೆ ಜೋತು ಮೇಲೇರುವಂತಿದ್ದರೆ ಅದರ ಗುಂಟ ಇಳಿದ ನೀರು ಸಾಕೆಟ್ ಸೇರದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಎರಡು ಬ್ಯಾಟನ್ ಇಲ್ಲೇ ಸಿಕ್ಕವು. ಸದ್ಯ ಒಂದನ್ನು ಮಾತ್ರ 6 ಗಂಟೆ ಉರಿಸಿ, ಲುಡ್ವಿಜಿಯಾದ ಹೊಸ ಗಂಟುಗಳ ಅಂತರವನ್ನು ಸ್ಕೇಲಿನಲ್ಲಿ ಅಳೆದು ನೋಡಿ ಎರಡನೆಯದನ್ನು ಹಚ್ಚುತ್ತೇನೆ. ಉತ್ತರ 3 ಓದಿದ ಮೇಲೆ ಫಿಲ್ಟರಿನ ವೈರ್ ನೋಡಿದೆ. ಅದು ಟ್ಯಾಂಕಿನ ಅಂಚಿನಿಂದ ನೇರವಾಗಿ ಕೆಳಗಿನ ಸಾಕೆಟ್ಟಿಗೇ ಇಳಿದಿತ್ತು. ನಿನ್ನೆ ಸಾಕೆಟನ್ನು ಗೋಡೆಯ ಮೇಲಕ್ಕೆ ಹಾಕಿಸಿದೆ.