ಭತ್ತದ ಹುಲ್ಲಿನ ಗ್ಯಾಸ್ ಪ್ಲಾಂಟ್: ಎಲ್‌ಒಐ ಸಿಕ್ಕರೆ ಸಾಕಾ?

ಪ್ರಶ್ನೆ: ಸರ್, ನಮ್ಮದು ಕಾರಟಗಿ ಹತ್ತಿರ. ಮಿಷನ್ ಕಟಾವಾದ ಮೇಲೆ ಹುಲ್ಲನ್ನು ಗದ್ದೆಯಲ್ಲೇ ಸುಡುತ್ತೇವೆ. ಅದರಿಂದ ಸಿಬಿಜಿ (ಶುದ್ಧ ಮಾಡಿ ಒತ್ತಿ ತುಂಬಿದ ಬಯೋಗ್ಯಾಸ್) ಮಾಡೋಣ ಅಂತ ರೈತರೆಲ್ಲ ಸೇರಿದ್ದೇವೆ. ಒಬ್ಬ ಏಜೆಂಟರು ಎಲ್‌ಒಐ (ಲೆಟರ್ ಆಫ್ ಇಂಟೆಂಟ್) ಕೊಡಿಸುತ್ತಾರಂತೆ, ಆಮೇಲೆ ಗ್ಯಾಸನ್ನೆಲ್ಲ ಸರ್ಕಾರವೇ ಕೊಳ್ಳುತ್ತಂತೆ. ನಂಬಬಹುದಾ?

ಉತ್ತರ (ಬಯೋಗ್ಯಾಸ್ ಎಂಜಿನಿಯರ್): ಅದನ್ನೇ ನಂಬಿ ದುಡ್ಡು ಹಾಕಬೇಡಿ. ಕೊಳ್ಳುವವರು ತೈಲ ಕಂಪನಿ, ಸಿಟಿ ಗ್ಯಾಸ್ ಕಂಪನಿಗಳು. ಎಲ್‌ಒಐ ಅಂದರೆ 'ನೀವು ಮಾಡಿದರೆ ನಾವು ಕೊಳ್ಳುತ್ತೇವೆ' ಅನ್ನುವ ಪತ್ರ ಅಷ್ಟೇ. 2018ರಲ್ಲಿ ಸಿಬಿಜಿಗಾಗಿ ಕೇಂದ್ರದ ಸತತ್ ಯೋಜನೆ ಬಂದಾಗ 5,000 ಪ್ಲಾಂಟ್ ಗುರಿ ಇತ್ತು. ಪತ್ರಗಳು ಸಾವಿರಾರು ಹೋದವು, ಓಡುವ ಪ್ಲಾಂಟ್ ಸಂಖ್ಯೆ ಗುರಿಯ ಹತ್ತಿರಕ್ಕೂ ಬರಲಿಲ್ಲ.

ಈಗ ಬೇಡಿಕೆಗೆ ಬಲ ಬಂದಿರುವುದು ನಿಜ. ಸಿಟಿ ಗ್ಯಾಸ್ ಕಂಪನಿಗಳು ಸಿಎನ್‌ಜಿ ಮತ್ತು ಮನೆಯ ಪೈಪ್ ಗ್ಯಾಸ್‌ಗೆ ಸಿಬಿಜಿ ಬೆರೆಸಲೇಬೇಕು: 2025-26ಕ್ಕೆ ಶೇ 1, ಮುಂದಿನ ವರ್ಷ ಶೇ 3, ಆಮೇಲೆ 4, 2028-29ರಿಂದ 5. ಆದರೆ ಈ ನಿಯಮ ಅವರ ಮೇಲಿದೆ. ನಿಮ್ಮ ಪ್ಲಾಂಟ್ ಅನ್ನು ಅದು ಉಳಿಸುವುದಿಲ್ಲ.

ಉಳಿಸುವುದು ಹುಲ್ಲು. ಕಟಾವು ವರ್ಷಕ್ಕೆ ಎರಡು ಸಲ, ಪ್ಲಾಂಟ್‌ಗೆ ಮೇವು ದಿನಾ ಬೇಕು. ಹುಲ್ಲನ್ನು ಒತ್ತಿ ಕಟ್ಟು (ಬೇಲ್) ಮಾಡುವ ಯಂತ್ರ, ಬೇಲರ್, ಯಾರದ್ದು? ಮಳೆಗೆ ನೆನೆಯದಂತೆ ಬೇಲ್ ಒಟ್ಟುವ ಜಾಗ ಎಲ್ಲಿ? ಭತ್ತದ ಹುಲ್ಲಿನಲ್ಲಿ ಸಿಲಿಕಾ (ಮರಳಿನಲ್ಲಿರುವ ಗಟ್ಟಿ ಅಂಶ) ಜಾಸ್ತಿ, ಕತ್ತರಿಸುವ ಬ್ಲೇಡ್ ಬೇಗ ಸವೆಯುತ್ತದೆ. ಸಣ್ಣಗೆ ಕತ್ತರಿಸದೆ ಹಾಕಿದರೆ ಡೈಜೆಸ್ಟರ್‌ನಲ್ಲಿ (ಗ್ಯಾಸ್ ಹುಟ್ಟುವ ಮುಚ್ಚಿದ ಟ್ಯಾಂಕ್) ತೇಲಿ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ಸೆಗಣಿಯನ್ನೂ ಜೊತೆಗೆ ಬೆರೆಸಬೇಕು. ಇದಕ್ಕೆಲ್ಲ ಉತ್ತರ ಕೊಡದ ಏಜೆಂಟರ ಜೊತೆ ಮಾತು ಮುಂದುವರಿಸಬೇಡಿ.

ಪ್ರಶ್ನೆ: ಅರ್ಧ ದುಡ್ಡು ಸಬ್ಸಿಡಿ ಅಂದರು ಸರ್. ಗೊಬ್ಬರಕ್ಕೂ ಏನೋ ಇದೆಯಂತೆ?

ಉತ್ತರ: ಅರ್ಧ ಇಲ್ಲ. ಕೇಂದ್ರದ ಜೈವಿಕ ಇಂಧನ ಕಾರ್ಯಕ್ರಮದಲ್ಲಿ ಇಟ್ಟಿದ್ದು ದಿನಕ್ಕೆ 4,800 ಕೆಜಿ ಗ್ಯಾಸ್ ಸಾಮರ್ಥ್ಯಕ್ಕೆ 4 ಕೋಟಿ ರೂ., ಒಂದು ಪ್ಲಾಂಟ್‌ಗೆ ಹೆಚ್ಚೆಂದರೆ 10 ಕೋಟಿ. ಆ ಹಂತ 2025-26ರವರೆಗೆ ಮಾತ್ರ. ಅದೂ ಪ್ಲಾಂಟ್ ಕಟ್ಟಿ ಮುಗಿಸಿದ ಮೇಲೆ ಕೈಗೆ ಬರುವ ದುಡ್ಡು. ಅದನ್ನು ಬಂಡವಾಳ ಅಂತ ಲೆಕ್ಕ ಹಾಕಬೇಡಿ.

ಗೊಬ್ಬರವನ್ನು ಮಾತ್ರ ಹಗುರವಾಗಿ ನೋಡಬೇಡಿ. ಗ್ಯಾಸ್ ತೆಗೆದ ಮೇಲೆ ಉಳಿಯುವ ಸ್ಲರಿ (ರಾಡಿ) ದಿನಾ ಹೊರಬರುತ್ತದೆ, ಮಾರದಿದ್ದರೆ ಇಡಲು ಜಾಗವೇ ಸಾಲದು. ಟನ್‌ಗೆ 1,500 ರೂ. ಮಾರುಕಟ್ಟೆ ನೆರವನ್ನು 2023ರಲ್ಲಿ ಘೋಷಿಸಿದರು, ಅದಕ್ಕೆ ಗೊಬ್ಬರ ನಿಯಂತ್ರಣ ಆದೇಶದ ಗುಣಮಟ್ಟ ಇರಬೇಕು. ಗ್ಯಾಸ್‌ನಲ್ಲೂ ಮೀಥೇನ್ ಕನಿಷ್ಠ ಶೇ 90 ಇರಬೇಕು. ಗ್ಯಾಸನ್ನು ಸಿಲಿಂಡರ್‌ಗೆ ಒತ್ತಿ ತುಂಬಲು ಪೆಸೊ (ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಲೈಸೆನ್ಸ್ ಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು.

ಎಲ್‌ಒಐಗೆ ಓಡಾಡುವ ಮೊದಲು ಸುತ್ತಲಿನ ಊರುಗಳ ರೈತರ ಹತ್ತಿರ ಹುಲ್ಲಿನ ಕರಾರು ಬರೆಸಿಕೊಳ್ಳಿ. ದರ, ಬೇಲರ್ ಬಾಡಿಗೆ, ಸಾಗಣೆ ಖರ್ಚು ಮೂರೂ ಅದರಲ್ಲಿರಲಿ. ಆ ಲೆಕ್ಕ ಇಲ್ಲಿ ಹಾಕಿ, ನಾನು ನೋಡಿ ಹೇಳುತ್ತೇನೆ.